5 ಅಥವಾ 9: ಜಾನ್ ಚಾರ್ಲ್ಸ್ ಜೀವನ ಬರೆದ ಅನುಭವ

ಹಳೆಯ ಕಾಲದ ಫುಟ್‌ಬಾಲ್ ಆಟಗಾರರ ಬಗ್ಗೆ ಕನ್ನಡದಲ್ಲಿ ಬರೆಯುವುದು ನನ್ನ ಹವ್ಯಾಸ. ಪೆಲೆ ಬಗ್ಗೆ ಬರೆದರೆ ಓದುಗರಿಗೆ ಹೆಸರಾದರೂ ಗೊತ್ತಿರುತ್ತದೆ. ವೇಲ್ಸ್‌ನ ಜಾನ್ ಚಾರ್ಲ್ಸ್ ಅಂದರೆ ‘ಯಾರದು?’ ಅಂತಾರೆ. 1931ರಲ್ಲಿ ಸ್ವಾನ್ಸಿಯಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಇವರನ್ನು ಇಟಲಿಯ ಯುವೆಂಟಸ್ ಅಭಿಮಾನಿಗಳು ‘ಒಳ್ಳೆಯ ದೈತ್ಯ’ ಎಂದು ಕರೆಯುತ್ತಿದ್ದರು. ಇವರ ಬಗ್ಗೆ ಒಂದು ಉದ್ದದ ಲೇಖನ ಬರೆದೆ. ಅದನ್ನು ಹೇಗೆ ಕಟ್ಟಿದೆ ಅನ್ನುವುದು ಇಲ್ಲಿದೆ.

ಮೊದಲು ವೇಲ್ಸ್ ವಿಷಯ ಬಗೆಹರಿಸಬೇಕಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಬ್ರಿಟನ್ ಪರಿಚಯವಾದದ್ದೇ ಕ್ರಿಕೆಟ್‌ನಿಂದ, ಅಲ್ವಾ? ಕ್ರಿಕೆಟ್‌ನಲ್ಲಿ ವೇಲ್ಸ್‌ನವರು ಇಂಗ್ಲೆಂಡ್ ತಂಡಕ್ಕೇ ಆಡುತ್ತಾರೆ. ಫುಟ್‌ಬಾಲ್‌ನಲ್ಲಿ ವೇಲ್ಸ್‌ಗೆ ತನ್ನದೇ ತಂಡ ಇದೆ. ಆದರೆ ಹುಡುಗರು ಹೊಟ್ಟೆಪಾಡಿಗೆ ಇಂಗ್ಲೆಂಡಿನ ಕ್ಲಬ್‌ಗಳಿಗೆ ಹೋಗುತ್ತಿದ್ದರು. ಚಾರ್ಲ್ಸ್ ಕೂಡ ಹದಿಹರೆಯದಲ್ಲೇ ಸ್ವಾನ್ಸಿ ಬಿಟ್ಟು ಲೀಡ್ಸ್ ಯುನೈಟೆಡ್ ಸೇರಿದರು. ಇಷ್ಟನ್ನು ಆರಂಭದಲ್ಲೇ ಹೇಳಿಬಿಟ್ಟರೆ ಮುಂದೆ ಗೊಂದಲ ಇರುವುದಿಲ್ಲ.

ಆಮೇಲೆ ಒಂದು ಪಟ್ಟಿ ಮಾಡಿಕೊಂಡೆ. ವರ್ಷ, ಕ್ಲಬ್, ಪಂದ್ಯ, ಗೋಲು ಎಲ್ಲರೂ ಬರೆದುಕೊಳ್ಳುತ್ತಾರೆ. ನಾನು ಇನ್ನೊಂದು ಕಾಲಂ ಸೇರಿಸಿದೆ: ಬೆನ್ನ ಮೇಲಿನ ನಂಬರ್. ಆ ಕಾಲದಲ್ಲಿ ನಂಬರ್ ಸೇರಿದ್ದು ಆಟಗಾರನಿಗಲ್ಲ, ಅವನು ನಿಲ್ಲುವ ಜಾಗಕ್ಕೆ. 5 ಅಂದರೆ ಸೆಂಟರ್ ಹಾಫ್, ಹಿಂದೆ ನಿಂತು ಎದುರಾಳಿಯ ದಾಳಿ ತಡೆಯುವವನು. 9 ಅಂದರೆ ಸೆಂಟರ್ ಫಾರ್ವರ್ಡ್, ಗೋಲು ಹೊಡೆಯುವವನು. ಒಬ್ಬನೇ ಆಟಗಾರ ಎರಡರಲ್ಲೂ ದೊಡ್ಡ ಮಟ್ಟದಲ್ಲಿ ಮಿಂಚುವುದು ತೀರಾ ಅಪರೂಪ. ಚಾರ್ಲ್ಸ್ ಮಿಂಚಿದರು. ಅವರ ಬದುಕನ್ನು ಈ ಎರಡು ಅಂಕಿಗಳ ನಡುವಿನ ಓಡಾಟವಾಗಿಯೇ ಬರೆಯಬೇಕು ಅಂತ ಆಗಲೇ ತೀರ್ಮಾನಿಸಿದೆ.

1949ರಲ್ಲಿ ಲೀಡ್ಸ್‌ಗೆ ಮೊದಲು ಆಡಿದಾಗ ಅವರು ಸೆಂಟರ್ ಹಾಫ್. ಮ್ಯಾನೇಜರ್ ಮೇಜರ್ ಫ್ರಾಂಕ್ ಬಕ್ಲಿ. ಮರುವರ್ಷ 18 ತುಂಬಿದ ಸ್ವಲ್ಪ ದಿನಕ್ಕೇ ವೇಲ್ಸ್ ತಂಡಕ್ಕೆ ಆಯ್ಕೆಯಾದರು. 1952ರಲ್ಲಿ ಬಕ್ಲಿ ಅವರನ್ನು ಮುಂದಕ್ಕೆ ತಂದು 9ರ ಜಾಗದಲ್ಲಿ ನಿಲ್ಲಿಸಿದರು. 1953–54ರ ಸೀಸನ್‌ನಲ್ಲಿ 39 ಲೀಗ್ ಪಂದ್ಯಗಳಲ್ಲಿ 42 ಗೋಲು ಬಂದವು. ಒಂದೇ ಸೀಸನ್‌ನ ಲೀಗ್ ಗೋಲುಗಳಲ್ಲಿ ಇದು ಇಂದಿಗೂ ಲೀಡ್ಸ್ ದಾಖಲೆ. ಇಷ್ಟು ಹೊಡೆದವರನ್ನು ಮುಂದಿನ ಸೀಸನ್‌ನಲ್ಲಿ ಬಕ್ಲಿ ನಂತರ 1953ರಲ್ಲಿ ಬಂದಿದ್ದ ಮ್ಯಾನೇಜರ್ ರೇಚ್ ಕಾರ್ಟರ್ ಮತ್ತೆ ಹಿಂದಕ್ಕೆ ಕಳಿಸಿದರು! ಬರೀ ಗೋಲುಗಳ ಕಾಲಂ ನೋಡಿದರೆ ಆ ವರ್ಷ ಚಾರ್ಲ್ಸ್ ಸೊರಗಿದರು ಅನಿಸುತ್ತದೆ. ಪಕ್ಕದ ಕಾಲಂ ನೋಡಿದರೆ ಕಾರಣ ಗೊತ್ತಾಗುತ್ತದೆ. ಕೊನೆಗೆ ಕಾರ್ಟರ್ ಅವರೇ ಮತ್ತೆ ಮುಂದಕ್ಕೆ ತಂದರು. 1956ರಲ್ಲಿ ಲೀಡ್ಸ್ ಎರಡನೇ ಡಿವಿಷನ್‌ನಿಂದ ಮೊದಲ ಡಿವಿಷನ್‌ಗೆ, ಅಂದರೆ ಇಂಗ್ಲೆಂಡಿನ ಅತಿ ಮೇಲಿನ ಹಂತಕ್ಕೆ, ಏರಿತು. ಅಲ್ಲಿ ಮೊದಲ ಸೀಸನ್‌ನಲ್ಲೇ ಚಾರ್ಲ್ಸ್ 38 ಗೋಲು ಹೊಡೆದು ಇಡೀ ಡಿವಿಷನ್‌ಗೆ ಮೊದಲಿಗರಾದರು.

1957ರಲ್ಲಿ ಯುವೆಂಟಸ್ 65,000 ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಈ ಮೊತ್ತವನ್ನು ಇವತ್ತಿನ ರೂಪಾಯಿಗೆ ಬದಲಿಸಿ ಬರೆಯಬಹುದಿತ್ತು. ಬರೆಯಲಿಲ್ಲ, ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಸಂಬಳ ಹೋಲಿಸಿದೆ. ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. 1958ರಲ್ಲಿ ಹೆಚ್ಚಿಸಿದ ಮೇಲೂ ಅದು ವಾರಕ್ಕೆ 20 ಪೌಂಡ್ ಮಾತ್ರ. ಯುವೆಂಟಸ್ ಸಹಿ ಹಾಕಿದ್ದಕ್ಕೇ ಚಾರ್ಲ್ಸ್‌ಗೆ 10,000 ಪೌಂಡ್ ಕೊಟ್ಟಿತು. ವಾರಕ್ಕೆ 20ರಂತೆ ದುಡಿದರೆ ಅಷ್ಟು ಸೇರಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕು. ಅವರು ಯಾಕೆ ಹೋದರು ಅಂತ ಬೇರೆ ವಿವರಿಸಬೇಕಾಗಿಲ್ಲ.

ಯುವೆಂಟಸ್‌ನ ಊರಾದ ಟ್ಯೂರಿನ್‌ನಲ್ಲಿ ಜೊತೆಗೆ ಸಿಕ್ಕವರು ಅರ್ಜೆಂಟೀನಾದ ಒಮರ್ ಸಿವೋರಿ ಮತ್ತು ಇಟಲಿಯವರೇ ಆದ ಜಾಂಪಿಯೆರೊ ಬೋನಿಪೆರ್ತಿ. ಮೊದಲ ಸೀಸನ್‌ನಲ್ಲೇ ಚಾರ್ಲ್ಸ್ 28 ಗೋಲು ಹೊಡೆದು ಇಟಲಿ ಲೀಗ್‌ನಲ್ಲೇ ಮೊದಲಿಗರು, ಯುವೆಂಟಸ್ ಚಾಂಪಿಯನ್. ಐದು ಸೀಸನ್‌ಗಳಲ್ಲಿ ಮೂರು ಲೀಗ್ ಪ್ರಶಸ್ತಿ ಬಂದವು. ಇಲ್ಲೂ 5 ಮತ್ತು 9ರ ಆಟ ನಿಲ್ಲಲಿಲ್ಲ. ತಂಡ ಮುನ್ನಡೆ ಪಡೆದ ಮೇಲೆ ಅದನ್ನು ಉಳಿಸಿಕೊಳ್ಳಲು ಚಾರ್ಲ್ಸ್ ಹಿಂದಕ್ಕೆ ಬಂದು ನಿಲ್ಲುತ್ತಿದ್ದರು.

ದಂತಕಥೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆ. ಅದೇ ಊರಿನ ಇನ್ನೊಂದು ಕ್ಲಬ್ ಟೊರಿನೊ ವಿರುದ್ಧದ ಪಂದ್ಯದಲ್ಲಿ ತಮಗೆ ಡಿಕ್ಕಿ ಹೊಡೆದು ಬಿದ್ದ ಎದುರಾಳಿಯನ್ನು ನೋಡಿ, ಗೋಲು ಹೊಡೆಯುವ ಅವಕಾಶ ಬಿಟ್ಟು ಚೆಂಡನ್ನು ಹೊರಗೆ ಒದ್ದರು ಅನ್ನುವ ಕಥೆ ಇದೆ. ಚೆನ್ನಾಗಿದೆ. ಆದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹಾಗಾಗಿ ‘ಹೀಗೆ ಹೇಳುತ್ತಾರೆ’ ಅಂತಲೇ ಬರೆದೆ. ಇಡೀ ವೃತ್ತಿಯಲ್ಲಿ ಒಮ್ಮೆಯೂ ರೆಫರಿ ತಪ್ಪಾಟಕ್ಕೆ ಎಚ್ಚರಿಸಿ ಅವರ ಹೆಸರು ಬರೆದುಕೊಳ್ಳಲಿಲ್ಲ, ಹೊರಗೆ ಕಳಿಸಲಿಲ್ಲ. ನನಗೆ ಕಥೆಗಿಂತ ಇದೇ ದೊಡ್ಡದಾಗಿ ಕಂಡಿತು.

ಜಾಸ್ತಿ ಜಾಗ ಕೊಟ್ಟಿದ್ದು 1958ರ ವಿಶ್ವಕಪ್‌ಗೆ. ವೇಲ್ಸ್ ಅಸಲಿಗೆ ಅರ್ಹತೆ ಪಡೆದೇ ಇರಲಿಲ್ಲ. ಏಷ್ಯಾ–ಆಫ್ರಿಕಾ ಗುಂಪಿನಲ್ಲಿ ಇಸ್ರೇಲ್ ಜೊತೆ ಆಡಲು ಯಾರೂ ಒಪ್ಪಲಿಲ್ಲ. ಆಡದೆ ಒಂದು ತಂಡ ವಿಶ್ವಕಪ್‌ಗೆ ಹೋಗುವುದು ಬೇಡ ಅಂತ ಫಿಫಾ, ಇಸ್ರೇಲ್ ಎದುರು ಆಡಲು ಅರ್ಹತೆ ತಪ್ಪಿದ ತಂಡಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿತು. ವೇಲ್ಸ್‌ಗೆ ಅವಕಾಶ ಸಿಕ್ಕಿತು. ಎರಡೂ ಪಂದ್ಯ 2–0 ಗೆದ್ದು ವಿಶ್ವಕಪ್ ನಡೆಯುವ ಸ್ವೀಡನ್‌ಗೆ ಹೊರಟರು. ಇಟಲಿಯಿಂದ ಅನುಮತಿ ಸಿಗುವುದು ತಡವಾಗಿ ಚಾರ್ಲ್ಸ್ ಕೊನೆ ಗಳಿಗೆಯಲ್ಲಿ ಬಂದರು. ಹಂಗೆರಿ ವಿರುದ್ಧದ ಮೊದಲ ಪಂದ್ಯ 1–1, ವೇಲ್ಸ್‌ನ ಗೋಲು ಚಾರ್ಲ್ಸ್ ತಲೆಯಿಂದ. ಗುಂಪಿನಲ್ಲಿ ಇಬ್ಬರ ಅಂಕ ಸಮವಾದ್ದರಿಂದ ನಡೆದ ಪ್ಲೇಆಫ್‌ನಲ್ಲಿ ಅದೇ ಹಂಗೆರಿಯನ್ನು 2–1ರಿಂದ ಸೋಲಿಸಿದರು. ಆ ಪಂದ್ಯದಲ್ಲಿ ಎದುರಾಳಿಗಳ ಒದೆತ ತಿಂದು ಚಾರ್ಲ್ಸ್ ಗಾಯಗೊಂಡರು. ಬ್ರೆಜಿಲ್ ವಿರುದ್ಧದ ಕ್ವಾರ್ಟರ್ ಫೈನಲ್‌ಗೆ ಅವರಿರಲಿಲ್ಲ. 17 ವರ್ಷದ ಪೆಲೆ ಹೊಡೆದ ಒಂದೇ ಗೋಲಿನಿಂದ ವೇಲ್ಸ್ ಸೋತಿತು. ವೇಲ್ಸ್ ಮತ್ತೆ ವಿಶ್ವಕಪ್ ಆಡಿದ್ದು 2022ರಲ್ಲಿ.

‘ಚಾರ್ಲ್ಸ್ ಇದ್ದಿದ್ದರೆ?’ ಅಂತ ಒಂದು ಪ್ಯಾರಾ ಬರೆಯಲು ಕೈ ತುರಿಸಿತು. ಬರೆಯಲಿಲ್ಲ. ಅವರ ತಮ್ಮ ಮೆಲ್ ಚಾರ್ಲ್ಸ್ ಆ ದಿನ ಸೆಂಟರ್ ಹಾಫ್ ಆಗಿ ಆಡಿದರು ಅನ್ನುವುದನ್ನು ಮಾತ್ರ ಸೇರಿಸಿದೆ. 5ರ ಜಾಗ ಹೇಗೂ ಮನೆಯಲ್ಲೇ ಉಳಿದಿತ್ತು.

1962ರಲ್ಲಿ ಲೀಡ್ಸ್‌ಗೆ ಮರಳಿ 11 ಲೀಗ್ ಪಂದ್ಯ, ಆಮೇಲೆ ಸ್ವಲ್ಪ ಕಾಲ ಇಟಲಿಯ ರೋಮಾ, ನಂತರ ವೇಲ್ಸ್‌ನ ಕಾರ್ಡಿಫ್ ಸಿಟಿ. ಇವಕ್ಕೆಲ್ಲ ಸೇರಿ ನಾಲ್ಕು ಸಾಲು ಸಾಕು ಅನಿಸಿತು. ಆದರೆ ಹೆರೆಫರ್ಡ್‌ಗೆ ಒಂದು ಪ್ಯಾರಾ ಪೂರ್ತಿ ಕೊಟ್ಟೆ. ಅದು ಆಗ ಲೀಗ್‌ನಲ್ಲೇ ಇಲ್ಲದ ಸಣ್ಣ ಕ್ಲಬ್. 1966ರಲ್ಲಿ ಅಲ್ಲಿಗೆ ಹೋಗಿ, ಆಡುತ್ತಲೇ ಮ್ಯಾನೇಜರ್ ಕೂಡ ಆದರು. 1971ರಲ್ಲಿ ಬಿಟ್ಟರು. ಕೆಲವೇ ತಿಂಗಳಲ್ಲಿ, ಕಾಲಿನ್ ಆಡಿಸನ್ ಮ್ಯಾನೇಜರ್ ಆಗಿದ್ದಾಗ, ಹೆರೆಫರ್ಡ್ ಇಂಗ್ಲೆಂಡಿನ ಎಫ್‌ಎ ಕಪ್ ಟೂರ್ನಿಯಲ್ಲಿ ಮೊದಲ ಡಿವಿಷನ್‌ನ ನ್ಯೂಕ್ಯಾಸಲ್ ಯುನೈಟೆಡನ್ನು 2–1ರಿಂದ ಸೋಲಿಸಿ ಹೆಸರಾಯಿತು. ಆ ಗೆಲುವನ್ನು ಚಾರ್ಲ್ಸ್ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಆದರೂ ಆ ತಂಡವನ್ನು ಅಲ್ಲಿಯವರೆಗೆ ಬೆಳೆಸಿದವರಲ್ಲಿ ಅವರೂ ಒಬ್ಬರು ಅಂತ ಬರೆದೆ.