ಆಪ್ ಸ್ಟೋರ್ ಇಲ್ಲದೆ ಐಫೋನಿಗೆ ಆಲೆಮನೆ ಲೆಕ್ಕ ಹತ್ತಿಸಿದೆ

ಪಾಂಡವಪುರ ಕಡೆಯ ಎರಡು ಆಲೆಮನೆಗಳ ಲೆಕ್ಕ ಈ ಸಲ ಪೂರ್ತಿ ನನ್ನ ವೆಬ್ ಆಪ್‌ನಲ್ಲೇ, ಅಂದರೆ ಬ್ರೌಸರ್ ಮೂಲಕ ಓಡುವ ಆಪ್‌ನಲ್ಲೇ, ನಡೆಯಿತು. ಯಜಮಾನರ ಕೈಯಲ್ಲಿ ಐಫೋನ್, ತೂಕದ ಹುಡುಗರದ್ದು ಆಂಡ್ರಾಯ್ಡ್. 'ಐಫೋನಲ್ಲಿ ಸ್ಟೋರ್ ಬಿಟ್ಟು ಏನೂ ನಡೆಯಲ್ಲ, ಸುಮ್ನೆ ಒದ್ದಾಡ್ತೀಯ' ಅಂದಿದ್ದ ಮೈಸೂರಿನ ಗೆಳೆಯರು ಇದನ್ನು ಓದಲೇಬೇಕು.

ಮೊದಲು ದುಡ್ಡು ಹೋದ ಕಥೆ. ಸ್ಟೋರಿಗೆ ಆಪ್ ಹಾಕಲು ಬೇಕಾದ ಆಪಲ್ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್. ಇಬ್ಬರು ಗಿರಾಕಿಗೆ ಅಷ್ಟು ಕಟ್ಟಲು ಮನಸ್ಸಾಗಲಿಲ್ಲ. ಸುಮಾರು 22 ಸಾವಿರಕ್ಕೆ ಹಳೇ ಮ್ಯಾಕ್‌ಬುಕ್ ತಂದು ಉಚಿತ ಖಾತೆಯಿಂದ ಹಾಕಿಕೊಟ್ಟೆ. ಹಾಗೆ ಹಾಕಿದ ಆಪ್‌ನ ಆಯಸ್ಸು 7 ದಿನ. ಪ್ರತಿ ಭಾನುವಾರ ಮಂಡ್ಯದಿಂದ ಬೈಕಲ್ಲಿ ಹೋಗಿ ಮತ್ತೆ ಹಾಕುವುದು, ಎರಡು ತಿಂಗಳಿಗೆ ಸಾಕಾಯಿತು.

'ಕ್ರೋಮ್ ಹಾಕಿಸು, ಸರಿಹೋಗುತ್ತೆ' ಅಂದವರೂ ಇದ್ದರು. ಎಲ್ಲಿಂದ ಸರಿಹೋಗುತ್ತೆ? ನಮ್ಮಲ್ಲಿ ಐಫೋನಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಒಳಗೂ ಓಡುವುದು ಐಫೋನಿನ ಸ್ವಂತ ಬ್ರೌಸರ್ ಸಫಾರಿಯ ಎಂಜಿನ್ ವೆಬ್‌ಕಿಟ್ಟೇ ಅಲ್ವಾ. 2024ರಲ್ಲಿ ಐಫೋನಿನ ತಂತ್ರಾಂಶ ಐಓಎಸ್ 17.4 ಬಂದಾಗ ಬೇರೆ ಎಂಜಿನ್‌ಗೆ ದಾರಿ ಬಿಟ್ಟಿದ್ದು ಯುರೋಪಿಯನ್ ಒಕ್ಕೂಟದವರಿಗೆ.

ಸರಿ, ಬ್ರೌಸರ್ ಟ್ಯಾಬಲ್ಲೇ ಇರಲಿ ಅಂತ ಬಿಟ್ಟೆ. ಅದೇ ದೊಡ್ಡ ಪೆಟ್ಟು. ಮಳೆಗೆ ಗಾಣ ಹತ್ತು ದಿನ ನಿಂತಿತು, ಯಾರೂ ತೆರೆಯಲಿಲ್ಲ, ನೆಟ್ ಸಿಗದೆ ಫೋನಲ್ಲೇ ಉಳಿದಿದ್ದ ಕಟಾವಿನವರ ಅಡ್ವಾನ್ಸ್ ಲೆಕ್ಕ ಅಷ್ಟೂ ಅಳಿಸಿಹೋಗಿತ್ತು. ಸಫಾರಿ ಬಳಸುತ್ತಲೇ 7 ದಿನ ಒಂದು ಸೈಟ್ ಮುಟ್ಟದಿದ್ದರೆ, ಅದು ಫೋನಲ್ಲಿ ಉಳಿಸಿದ್ದನ್ನು ಸಫಾರಿ ಅಳಿಸಿಬಿಡುತ್ತದೆ. 'ಎಲ್ಲೋಯ್ತಪ್ಪಾ ನಮ್ ದುಡ್ಡಿನ ಲೆಕ್ಕ?' ಅಂದರು ಯಜಮಾನರು. ಆ ರಾತ್ರಿ ಚೀಟಿ ಕಟ್ಟು ಬಿಚ್ಚಿ ಕೂತೆ. ಕಬ್ಬಿನ ಹಾಲು ಬಿದ್ದು ಎರಡೆರಡು ಚೀಟಿ ಅಂಟಿಕೊಂಡಿದ್ದವು, ಉಗುರಲ್ಲಿ ಬಿಡಿಸಿ ಬಿಡಿಸಿ ಲೆಕ್ಕವನ್ನೆಲ್ಲ ಮತ್ತೆ ಟೈಪ್ ಮಾಡಿದೆ.

ಶೇರ್ ಬಟನ್ ಒತ್ತಿ ಹೋಮ್ ಸ್ಕ್ರೀನಿಗೆ ಹಾಕಿದ ಮೇಲೆ ಆ 7 ದಿನದ ಅಳಿಸಾಟ ನಿಂತಿತು. ಹೋಮ್ ಸ್ಕ್ರೀನಿಗೆ ಹಾಕುವ ಕಿಟಕಿಯನ್ನು ಆಪ್‌ನಿಂದಲೇ ತೆರೆಸಲು ಐಫೋನಲ್ಲಿ ಆಗಲ್ಲ, ನಾನೇ ಹೋಗಿ ಹಾಕಿಕೊಟ್ಟೆ. ಆಪ್ ಮುಚ್ಚಿದ್ದಾಗಲೂ ತಾನಾಗಿ ಲೆಕ್ಕ ಕಳುಹಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಇಲ್ಲ, ಹಾಗಾಗಿ ಆಪ್ ತೆರೆದು ಪರದೆ ಮೇಲೆ ಬಂದಾಗಲೆಲ್ಲ ಬಾಕಿ ಲೆಕ್ಕ ಕಳುಹಿಸುತ್ತೇನೆ. ಒಂದೇ ಲೆಕ್ಕ ಎರಡು ಸಲ ಏರದಂತೆ ತಡೆಯುವ ಉಪಾಯ ಮಾತ್ರ ನನ್ನ ಹತ್ರವೇ ಇರಲಿ, ಅದಕ್ಕೆ ಮೂರು ವಾರ ಹಿಡಿದಿದೆ. ಐಓಎಸ್ 16.4ರಿಂದ ನೋಟಿಫಿಕೇಶನ್ ಕೂಡ ಬರುತ್ತದೆ, ಅನುಮತಿಯನ್ನು ಬಟನ್ ಒತ್ತಿಸಿಯೇ ಕೇಳಿ.

ನಡುವೆ ತಕ್ಕಡಿಯನ್ನೂ ಬ್ಲೂಟೂತಲ್ಲಿ ಜೋಡಿಸಿ ನೋಡಿದೆ. ಆಂಡ್ರಾಯ್ಡ್ ಕ್ರೋಮಲ್ಲಿ ಒಂದೇ ಸಂಜೆಗೆ ಕೆಲಸ ಮುಗಿಯಿತು, ಐಫೋನ್ ಸಫಾರಿಯಲ್ಲಿ ವೆಬ್ ಬ್ಲೂಟೂತೇ ಇಲ್ಲ. ಈಗ ಹುಡುಗರ ಫೋನ್ ತೂಕ ಹಿಡಿಯುತ್ತದೆ, ಯಜಮಾನರು ತಮ್ಮ ಫೋನಲ್ಲಿ ನೋಡುತ್ತಾರೆ.

ಒಂದೊಂದು ಆಲೆಮನೆಯಿಂದ ಆರು ಸಾವಿರ ಬಂತು. ಮದ್ದೂರಿನವರೊಬ್ಬರು ಫೋನ್ ಮಾಡಿದ್ದಾರೆ. ಅವರದ್ದು ಐಫೋನ್ 7, ಅದಕ್ಕೆ 16.4 ಹತ್ತಲ್ಲ, ನೋಟಿಫಿಕೇಶನ್ ಬದಲು ಎಸ್ಸೆಮ್ಮೆಸ್ ಜೋಡಿಸುತ್ತಿದ್ದೇನೆ.