ಒಂದೇ ಮೇಜಿನ ಸುತ್ತ ಎಂಟು ಮಕ್ಕಳು: ನಮ್ಮ ಮನೆಶಾಲೆಯ ಹನ್ನೊಂದು ವರ್ಷಗಳು

ಕಳೆದ ತಿಂಗಳು ನಮ್ಮ ಎರಡನೆಯ ಮಗು, ಹದಿನೇಳು ವರ್ಷದ ಮಗಳು, ಖಾಸಗಿ ಅಭ್ಯರ್ಥಿಯಾಗಿ ಬರೆದಿದ್ದ ಪರೀಕ್ಷೆಯ ಫಲಿತಾಂಶ ಬಂದಿತು; ನೂರಕ್ಕೆ ಎಂಬತ್ತರ ಮೇಲೆ ಅಂಕಗಳು ಬಂದಿವೆ. ಅವಳ ಅಣ್ಣ ಎರಡು ವರ್ಷಗಳ ಹಿಂದೆಯೇ ಉತ್ತೀರ್ಣನಾಗಿದ್ದನಾದರೂ, "ಒಬ್ಬ ಪಾಸಾದರೆ ಅದು ಅವನ ಬುದ್ಧಿ, ನಿನ್ನ ಪಾಠವಲ್ಲ" ಎಂದು ಶಿಕ್ಷಕರಾಗಿರುವ ನಮ್ಮ ಭಾವನವರು ಆಗ ಹೇಳಿದ್ದರು. ಈ ಸಲ ಅವರೇ ಮನೆಗೆ ಬಂದು, ನಿಮ್ಮ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಡಮ್ಮ ಎಂದು ಕೇಳಿದರು. ಒಂದು ಹಾಳೆಯಲ್ಲಿ ಮುಗಿಯುವ ವಿಷಯ ಇದಲ್ಲವಾದ್ದರಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ತಾಯಂದಿರಿಗೆ ಏಕೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹೇಗೆ ಎಂಬುದರಲ್ಲಿ ನಾವು ಎಲ್ಲೆಲ್ಲಿ ಎಡವಿದೆವು, ಎಷ್ಟು ಹಣ ಕಳೆದುಕೊಂಡೆವು ಎಂಬುದನ್ನು ಹೇಳಿದರೆ ಸಾಕು.

ನಮಗೆ ಎಂಟು ಮಕ್ಕಳು. ದೊಡ್ಡವನಿಗೆ ಹತ್ತೊಂಬತ್ತು ವರ್ಷ, ಕೊನೆಯವಳಿಗೆ ನಾಲ್ಕು. ಅತ್ತೆ, ಮಾವ, ಯಜಮಾನರು ಮತ್ತು ನಾನು ಸೇರಿದರೆ ಹೊಲದ ನಡುವಿನ ಈ ಮನೆಯಲ್ಲಿ ಹನ್ನೆರಡು ಜನ. ದನ, ಕೋಳಿ, ಕೈತೋಟ ಎಲ್ಲವೂ ಇರುವುದರಿಂದ ಕೆಲಸ ಎಂದಿಗೂ ಮುಗಿಯುವುದಿಲ್ಲ.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಈಗ ಆರಂಭಿಸುವವರೂ ಮಾಡುತ್ತಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಮೂವರು ಮಕ್ಕಳಿಗೆ ಮೂರು ತರಗತಿಗಳ ಸಿದ್ಧ ಪಠ್ಯದ ಪೆಟ್ಟಿಗೆಗಳನ್ನು ತರಿಸಿದೆವು. ಅದಕ್ಕೆ ತಗುಲಿದ್ದು ಸುಮಾರು ಎರಡೂವರೆ ತಿಂಗಳ ಆದಾಯ, ಅದರಲ್ಲಿ ಅರ್ಧ ಸಾಲ. ವರ್ಷದ ಕೊನೆಗೆ ನೋಡಿದರೆ ಮೂರನೆಯ ಒಂದು ಪಾಲನ್ನೂ ನಾವು ಬಳಸಿರಲಿಲ್ಲ. ನಾಲ್ಕು ವರ್ಷದ ಮಗುವಿಗೆಂದು ಕೊಂಡ ಪೆಟ್ಟಿಗೆಯನ್ನಂತೂ ತೆರೆದದ್ದೇ ಅಪರೂಪ. ಮೂರನೆಯ ವರ್ಷ ಗಬ್ಬದ ಕಡಸೊಂದನ್ನು ಮಾರಿ ಕಂಪ್ಯೂಟರ್ ಕೊಂಡು, ಆನ್‌ಲೈನ್ ತರಗತಿಗಳಿಗೆ ಒಂದು ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದೆವು. ಸಿಗ್ನಲ್ ಸಿಗುತ್ತಿದ್ದುದು ಮೆಟ್ಟಿಲಿನ ಮೇಲ್ತುದಿಯಲ್ಲಿ ಮಾತ್ರ. ಕಂಪ್ಯೂಟರನ್ನು ಮೊಣಕಾಲ ಮೇಲಿಟ್ಟುಕೊಂಡು ಮಕ್ಕಳು ಅಲ್ಲಿ ಸಾಲಾಗಿ ಕುಳಿತು ಎರಡು ತಿಂಗಳು ನೋಡಿದರು. ಅನಂತರ ಅದು ನಿಂತುಹೋಯಿತು, ಶುಲ್ಕ ಹಿಂದಿರುಗಲಿಲ್ಲ. ಆ ಕಡಸು ಇದ್ದಿದ್ದರೆ ಇಷ್ಟು ಹೊತ್ತಿಗೆ ಅದರ ಸಂತತಿಯೇ ಕೊಟ್ಟಿಗೆ ತುಂಬುತ್ತಿತ್ತು ಎಂದು ಮಾವ ಇಂದಿಗೂ ಹೇಳುತ್ತಾರೆ. ಅವರ ಲೆಕ್ಕ ತಪ್ಪಲ್ಲ.

ಹಣಕ್ಕಿಂತ ಹೆಚ್ಚು ನೋಯಿಸಿದ್ದು ನಾಲ್ಕನೆಯ ವರ್ಷದ ವೇಳಾಪಟ್ಟಿ. ಶಾಲೆಯ ಹಾಗೆಯೇ ಅರ್ಧ ಗಂಟೆಗೊಂದು ಪಾಠ, ಪ್ರತಿ ಮಗುವಿಗೂ ಪ್ರತ್ಯೇಕ ವಿಷಯ, ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳು. ಒಬ್ಬನಿಗೆ ಭಾಗಾಕಾರ ಹೇಳಿಕೊಡುವಾಗ ಇನ್ನೊಬ್ಬಳು ಕಾಗುಣಿತ ಕೇಳುತ್ತಿದ್ದಳು, ಮೂರನೆಯವನು ಹೊರಗೆ ಓಡಿರುತ್ತಿದ್ದ, ಮಡಿಲಲ್ಲಿ ಕೂಸು ಅಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟಿ, ಬೆಳಗಿನ ಪ್ರಾರ್ಥನೆಯಲ್ಲಿ ದೇವರ ಪ್ರೀತಿಯ ಬಗ್ಗೆ ಓದಿದ ಅದೇ ಬಾಯಿಂದ ಮಕ್ಕಳ ಮೇಲೆ ಕೂಗಾಡುತ್ತಿದ್ದೆ. ಒಂದು ದಿನ ಯಜಮಾನರು ಆ ಪಟ್ಟಿಯನ್ನು ಗೋಡೆಯಿಂದ ತೆಗೆದು ಮಡಚಿಟ್ಟು, "ಒಂದು ತಿಂಗಳು ಏನನ್ನೂ ಕಲಿಸಬೇಡ, ಪ್ರಾರ್ಥನೆ ಮತ್ತು ಮನೆಗೆಲಸ, ಅಷ್ಟೇ ಇರಲಿ" ಎಂದರು. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಅದೇ ವಾರ ಬಂದು, ಸರ್ಟಿಫಿಕೇಟ್ ಇಲ್ಲದ ಮಕ್ಕಳನ್ನು ಬೆಳೆಸಿ ಯಾರ ತಲೆಗೆ ಕಟ್ಟುತ್ತೀರಿ ಎಂದು ಕೇಳಿಹೋದರು. ಆ ರಾತ್ರಿ ನಾನು ಅತ್ತದ್ದು ಅತ್ತೆಯವರಿಗೆ ಮಾತ್ರ ಗೊತ್ತು.

ಆ ಖಾಲಿ ತಿಂಗಳಲ್ಲಿಯೇ ದಾರಿ ಸಿಕ್ಕಿತು. ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ ಧರ್ಮೋಪದೇಶಕಾಂಡ ಓದುತ್ತಿದ್ದೆವು. ಆರನೆಯ ಅಧ್ಯಾಯದ ಏಳನೆಯ ವಚನದಲ್ಲಿ ಮಕ್ಕಳಿಗೆ ಕಲಿಸಬೇಕಾದ ಹೊತ್ತುಗಳನ್ನು ಹೇಳಿದೆ: ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನೂರು ಸಲ ಕೇಳಿದ್ದ ಆ ವಚನವನ್ನು ಅಂದು ನಾನು ವೇಳಾಪಟ್ಟಿಯಾಗಿ ಓದಿದೆ. ಮೂವತ್ತು ಚೌಕಗಳ ಬದಲು ನಾಲ್ಕು ಹೊತ್ತು ಸಾಕು ಎಂದು ನಿರ್ಧರಿಸಿದೆವು. ಪದ್ಧತಿ ಗಟ್ಟಿಯಾಗಲು ಎರಡು ವರ್ಷ ಹಿಡಿಯಿತು. ಅದು ಈಗಿನ ರೂಪಕ್ಕೆ ಬಂದು ಸುಮಾರು ಆರು ವರ್ಷಗಳಾಗಿವೆ.

ಏಳುವಾಗ ಕಂಠಪಾಠ. ಕೆಚ್ಚಲು ತೊಳೆದು ಹಾಲು ಕರೆಯುವಾಗ ಹಾಲಿನ ಧಾರೆಯ ತಾಳಕ್ಕೆ ಮಗ್ಗಿ ಬರುತ್ತದೆ. ಏಳರ ಮಗ್ಗಿ ನಮ್ಮ ಮನೆಯಲ್ಲಿ ಯಾರಿಗೂ ಪುಸ್ತಕದಿಂದ ಬಂದದ್ದಲ್ಲ. ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ 31 ಅಧ್ಯಾಯಗಳಿರುವುದರಿಂದ ಆ ದಿನದ ತಾರೀಖಿನ ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಮಿಕ್ಕವರು ಅದರಲ್ಲಿ ಒಂದು ವಚನವನ್ನು ಹಿಡಿದುಕೊಳ್ಳುತ್ತಾರೆ.

ಕುಳಿತಿರುವಾಗ ಎಂದರೆ ಮೇಜು. ಎಂಟೂ ಮಕ್ಕಳು ಒಂದೇ ಮೇಜಿಗೆ ಬರುತ್ತಾರೆ. ಸತ್ಯವೇದ, ಚರಿತ್ರೆ, ವಿಜ್ಞಾನ ಇವು ಎಲ್ಲರಿಗೂ ಒಂದೇ ಪಾಠ. ಕೇಳಿದ್ದನ್ನು ಹಿಂದಿರುಗಿಸುವುದು ಮಾತ್ರ ವಯಸ್ಸಿಗೆ ತಕ್ಕಂತೆ. ನಾಲ್ಕು ವರ್ಷದವಳು ಒಂದು ವಾಕ್ಯ ಹೇಳಿದರೆ ಸಾಕು, ಒಂಬತ್ತರವನು ಐದು ವಾಕ್ಯ ಬರೆಯಬೇಕು, ಹದಿನೈದರವನು ಒಂದು ಪುಟ. ಭಾನುವಾರದ ಪ್ರಸಂಗವನ್ನೂ ಹೀಗೆಯೇ ಒಪ್ಪಿಸುತ್ತಾರೆ. ಓದು, ಬರಹ, ಗಣಿತ ಮೂರನ್ನು ಮಾತ್ರ ಪ್ರತಿ ಮಗುವಿಗೂ ಬೇರೆಬೇರೆಯಾಗಿ, ತಲಾ ಹದಿನೈದು ನಿಮಿಷ ಹೇಳಿಕೊಡುತ್ತೇನೆ. ಹದಿನಾರನೆಯ ನಿಮಿಷಕ್ಕೆ ಮಗು ಅಳುತ್ತಿದ್ದರೂ ನಗುತ್ತಿದ್ದರೂ ಪುಸ್ತಕ ಮುಚ್ಚಬೇಕು. ಇಷ್ಟು ಕಡಿಮೆಯಾಯಿತೇ ಎಂದು ಕೇಳದವರಿಲ್ಲ. ನಮ್ಮ ಎರಡನೆಯವಳ ಅಂಕಗಳೇ ಅದಕ್ಕೆ ಉತ್ತರ.

ಇಲ್ಲಿಯೂ ಒಂದು ದೊಡ್ಡ ತಪ್ಪು ಮಾಡಿದೆ. ದೊಡ್ಡವರು ಚಿಕ್ಕವರಿಗೆ ಕಲಿಸಲಿ ಎಂದು ಹನ್ನೆರಡು ವರ್ಷದ ಮಗಳಿಗೆ ಮೂರು ಪುಟ್ಟ ಮಕ್ಕಳನ್ನು ಒಪ್ಪಿಸಿಬಿಟ್ಟೆ. ಅವಳು ಬಹಳ ಚೆನ್ನಾಗಿ ನಿಭಾಯಿಸಿದಳು, ಅದಕ್ಕೇ ನನಗೆ ತಿಳಿಯಲಿಲ್ಲ. ಆರು ತಿಂಗಳ ಮೇಲೆ ಒಂದು ಸಂಜೆ, ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ, "ಅಮ್ಮಾ, ನನ್ನ ಪಾಠ ಯಾವಾಗ?" ಎಂದು ಕೇಳಿದಳು. ದೊಡ್ಡ ಕುಟುಂಬಗಳ ಹಿರಿಯ ಹೆಣ್ಣುಮಕ್ಕಳಿಗೆ ಇದು ಎಲ್ಲೆಡೆ ಆಗುತ್ತಿದೆ, ನಾವು ಅದನ್ನು ಸೇವೆ ಎಂದು ಕರೆದು ಸುಮ್ಮನಾಗುತ್ತೇವೆ. ಅಂದಿನಿಂದ ನಿಯಮ ಹೀಗಿದೆ: ದೊಡ್ಡವರು ದಿನಕ್ಕೆ ಒಂದೇ ಮಗುವಿಗೆ, ಒಂದೇ ವಿಷಯವನ್ನು, ಹದಿನೈದು ನಿಮಿಷ ಕಲಿಸಬಹುದು, ಗಂಡುಮಕ್ಕಳಿಗೂ ಇದೇ ನಿಯಮ. ಅದಕ್ಕಿಂತ ಹೆಚ್ಚು ಬೇಕಾದರೆ ಅದು ನನ್ನ ಕೆಲಸ ಅಥವಾ ಅವರ ಅಪ್ಪನ ಕೆಲಸ.

ಮಲಗುವಾಗಿನ ಹೊತ್ತನ್ನು ಹೇಗೆ ಬಳಸಬೇಕೆಂದು ನಾನು ಕಲಿತದ್ದು ಸುಸನ್ನಾ ವೆಸ್ಲಿ ಎಂಬ ತಾಯಿಯಿಂದ. ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಸಭಾಪಾಲಕರ ಹೆಂಡತಿಯಾಗಿದ್ದ ಆಕೆ ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಬದುಕುಳಿದವರಿಗೆ ಮನೆಯಲ್ಲೇ ದಿನಕ್ಕೆ ಆರು ಗಂಟೆ ಪಾಠ ಹೇಳಿದರು. ಮೆಥಡಿಸ್ಟ್ ಎಂಬ ಕ್ರೈಸ್ತ ಚಳವಳಿಯನ್ನು ಆರಂಭಿಸಿದ ಜಾನ್ ಮತ್ತು ಚಾರ್ಲ್ಸ್ ಆ ಮೇಜಿನಿಂದಲೇ ಎದ್ದವರು. 1732ರಲ್ಲಿ ಮಗ ಜಾನ್ ಕೇಳಿದಾಗ ತಮ್ಮ ಪದ್ಧತಿಯನ್ನು ಪತ್ರದಲ್ಲಿ ಬರೆದುಕೊಟ್ಟರು. ಆರು ಗಂಟೆ ನನ್ನಿಂದ ಆಗದ ಮಾತು. ಆದರೆ ವಾರದ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಏಕಾಂತದಲ್ಲಿ ಮಾತಾಡುವ ಆಕೆಯ ರೂಢಿಯನ್ನು ಹಾಗೆಯೇ ತೆಗೆದುಕೊಂಡೆ. ಜಾನ್‌ನ ಪಾಲಿಗೆ ಗುರುವಾರ ಇತ್ತಂತೆ. ನಮ್ಮಲ್ಲಿ ಎಂಟು ಮಕ್ಕಳು, ವಾರಕ್ಕೆ ಏಳೇ ದಿನ. ಆದ್ದರಿಂದ ಕೊನೆಯವಳು ಅಜ್ಜಿಯ ಪಾಲಿಗೆ.

ನಾಲ್ಕನೆಯ ಮಗುವಿಗೆ ಓದು ಬರುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಅಂಥ ಒಂದು ಸಂಜೆಯಲ್ಲಿಯೇ. ಅವಳಿಗೆ ಎಂಟು ವರ್ಷ ತುಂಬಿತ್ತು, ಪುಸ್ತಕ ಹಿಡಿದು ನಿರರ್ಗಳವಾಗಿ ಓದುತ್ತಿದ್ದಳು. ಚಿತ್ರದ ಮೇಲೆ ನಾನು ಕೈ ಇಟ್ಟೆ, ಅವಳು ನಿಂತಳು. ಅಕ್ಕ ಓದಿದ್ದನ್ನು ಕೇಳಿ ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ವಿಚಾರಿಸುತ್ತಾ ಹೋದಾಗ ಅವಳು ಸಿಕ್ಕಿಬೀಳುತ್ತಿದ್ದ ಜಾಗ ಅರ್ಕಾವತ್ತು ಎಂದು ತಿಳಿಯಿತು. 'ಕರ್ತನು' ಎಂಬ ಪದವನ್ನು ನೋಡಿ. ರಕಾರದ ಚಿಹ್ನೆ ಇರುವುದು ತಕಾರ ಆದ ಮೇಲೆ, ನಾವು ಉಚ್ಚರಿಸುವುದು ಅದಕ್ಕೆ ಮೊದಲು. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದುವ ಮಗು 'ಕತ್ರನು' ಎಂದೇ ಓದುತ್ತದೆ. ದಿನವೂ ಪ್ರಾರ್ಥನೆಯಲ್ಲಿ ಕೇಳುವ ಪದವೇ ಕಾಗದದ ಮೇಲೆ ಬೇರೆಯಾಗಿ ಕಂಡಾಗ ಅವಳಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆಯೇ ಹೋಗಿತ್ತು. ಹಳೆಯ ಆಮಂತ್ರಣ ಪತ್ರಿಕೆಯ ದಪ್ಪ ಕಾಗದದಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಿಂಡಿ ಕತ್ತರಿಸಿ, ಸಾಲಿನಿಂದ ಸಾಲಿಗೆ ಅದನ್ನು ಇಳಿಸುತ್ತಾ ಹೋದೆವು. ಅರ್ಕಾವತ್ತಿನ ಪದಗಳಿಗಾಗಿ ನಾನು ಮಾಡಿದ ಚೀಟಿಗಳ ಆಟವೊಂದಿದೆ. ಅದನ್ನು ಹೆಣ್ಣುಮಕ್ಕಳಿಗಾಗಿ ಬೇರೆಯಾಗಿ ಬರೆದಿಡುತ್ತಿದ್ದೇನೆ, ಇಲ್ಲಿ ವಿವರಿಸುವುದಿಲ್ಲ. ಒಂಬತ್ತೂವರೆ ವರ್ಷಕ್ಕೆ ಅವಳು ಓದಿದಳು. ಈಗ ಹದಿಮೂರು, ಬೈಬಲಿನ ನೆಹೆಮೀಯ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಗೋಡೆ ಕಟ್ಟಿದವರ ಅಷ್ಟೂ ಹೆಸರುಗಳನ್ನು ಹೋದ ವಾರ ಒಂದೇ ಉಸಿರಿನಲ್ಲಿ ಎನ್ನುವ ಹಾಗೆ ಓದಿದಾಗ ಯಜಮಾನರು ಆಮೆನ್ ಹೇಳುವುದನ್ನೇ ಮರೆತರು.

ದಾರಿ ನಡೆಯುವಾಗಿನ ಪಾಠಗಳನ್ನು ಬರೆಯಲು ಕುಳಿತರೆ ಅದೇ ಬೇರೆ ಪುಸ್ತಕವಾದೀತು. ಒಂದನ್ನು ಮಾತ್ರ ಹೇಳುತ್ತೇನೆ. ನೋಹನ ನಾವೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಅದನ್ನು ಹೊಲದಲ್ಲಿ ಗೂಟ ಹೊಡೆದು ಹಗ್ಗ ಎಳೆದು ನೋಡೋಣ ಎಂದು ಹೊರಟೆವು. ಯಾರ ಮೊಳ ಎಂಬ ಪ್ರಶ್ನೆ ಮೊದಲ ಹೆಜ್ಜೆಗೇ ಬಂದಿತು. ಮಾವನವರ ಮೊಳ ಸುಮಾರು 46 ಸೆಂಟಿಮೀಟರ್, ಆಗ ಆರು ವರ್ಷದವನಾಗಿದ್ದ ಮಗನದು 30. ಅಜ್ಜನ ನಾವೆ 138 ಮೀಟರ್ ಉದ್ದವಾಗಿ ನಮ್ಮ ಬದು ದಾಟಿ ಪಕ್ಕದ ಹೊಲಕ್ಕೆ ನುಗ್ಗಿತು, ಮೊಮ್ಮಗನ ನಾವೆ 90ಕ್ಕೇ ಮುಗಿಯಿತು. ಅಳತೆಗೆ ಎಲ್ಲರೂ ಒಪ್ಪಿದ ಮಾನ ಏಕೆ ಬೇಕು ಎಂಬುದನ್ನು ಆಮೇಲೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅನುಪಾತವನ್ನೂ ದೊಡ್ಡವರು ಅಲ್ಲಿಯೇ ನಿಂತು ಕಲಿತರು.

ಇನ್ನೊಂದು ಪ್ರಯೋಗ ಅರ್ಧಕ್ಕೆ ನಿಂತಿದೆ. 119ನೆಯ ಕೀರ್ತನೆಯಲ್ಲಿ 176 ವಚನಗಳು, ಎಂಟೆಂಟರಂತೆ 22 ಭಾಗಗಳು. ಒಂದೊಂದು ಭಾಗದ ಎಲ್ಲ ವಚನಗಳೂ ಮೂಲದಲ್ಲಿ ಹೀಬ್ರೂ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಆರಂಭವಾಗುತ್ತವೆ. ವಾರಕ್ಕೊಂದು ಭಾಗ ಕಂಠಪಾಠ ಮಾಡುತ್ತಿದ್ದಾಗ, ಕನ್ನಡ ಅಕ್ಷರಮಾಲೆಯಲ್ಲಿ ಹಾಗೆಯೇ ಸ್ತುತಿ ಬರೆಯೋಣ ಎಂದು ಮಕ್ಕಳು ಹಟ ಹಿಡಿದರು. ಅ, ಆ, ಇ ಸಲೀಸಾಗಿ ಸಾಗಿ ಙ ಬಂದಾಗ ಎಲ್ಲರೂ ನಿಂತರು. ಆ ಅಕ್ಷರದಿಂದ ಆರಂಭವಾಗುವ ಪದವೇ ಬಳಕೆಯಲ್ಲಿಲ್ಲ. ಞ, ಣ, ಳ ಗಳದೂ ಅದೇ ಕಥೆ. ಹದಿನೈದು ದಿನ ನಿಘಂಟು ಮಗುಚಿ ಅವರೇ ಅದನ್ನು ಕಂಡುಕೊಂಡರು. ನಾನು ಹೇಳಿದ್ದರೆ ಒಂದು ನಿಮಿಷದ ಪಾಠವಾಗಿ ಮರೆತುಹೋಗುತ್ತಿತ್ತು.

ಪರೀಕ್ಷೆಯ ವಿಷಯದಲ್ಲಿ ನಾವು ಪೆಟ್ಟು ತಿಂದದ್ದನ್ನು ಮುಚ್ಚಿಡುವುದಿಲ್ಲ. ಹಿರಿಯ ಮಗ ಮೊದಲ ಬಾರಿ ಗಣಿತದಲ್ಲಿ ಅನುತ್ತೀರ್ಣನಾದ. ಅವನಿಗೆ ಲೆಕ್ಕ ಬರುತ್ತಿತ್ತು, ಗಡಿಯಾರ ಬರುತ್ತಿರಲಿಲ್ಲ. ಹದಿನೈದು ನಿಮಿಷಗಳ ಪಾಠಕ್ಕೆ ಒಗ್ಗಿದ್ದ ಮಗು ಮೂರು ಗಂಟೆ ಒಂದೇ ಕಡೆ ಕುಳಿತು ಬರೆದಿರಲೇ ಇಲ್ಲ. ಆ ಕೊರತೆ ನನ್ನ ಪದ್ಧತಿಯದೇ. ಪರೀಕ್ಷೆಗೆ ಒಂದು ವರ್ಷ ಇರುವಾಗಿನಿಂದ ಪ್ರತಿ ಶನಿವಾರ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಬಾಗಿಲು ಮುಚ್ಚಿ, ನೀರಿಗೂ ಏಳಗೊಡದೆ ಮೂರು ಗಂಟೆ ಬರೆಸತೊಡಗಿದೆವು. ಸುಮಾರು ನಲವತ್ತು ಪತ್ರಿಕೆ ಬರೆದ ಮೇಲೆ ಎರಡನೆಯ ಬಾರಿಗೆ ಎಪ್ಪತ್ತರ ಆಸುಪಾಸಿನ ಅಂಕಗಳೊಡನೆ ಪಾಸಾದ. ತಂಗಿಗೆ ಮೊದಲಿನಿಂದಲೂ ಇದನ್ನು ಮಾಡಿಸಿದೆವು.

ಖರ್ಚು ಈಗ, ಎಂಟು ಮಕ್ಕಳಿಗೂ ಸೇರಿ, ಮೊದಲ ವರ್ಷ ಮೂವರಿಗೆ ಮಾಡಿದ್ದರ ಐದನೆಯ ಒಂದು ಪಾಲು ಇರಬಹುದು. ಅದರಲ್ಲಿ ಅರ್ಧ ಪರೀಕ್ಷಾ ಶುಲ್ಕಕ್ಕೆ, ಕಾಗದಕ್ಕೆ. ಪುಸ್ತಕದಲ್ಲಿ ಪೆನ್ಸಿಲ್ ಗೀರೂ ಬೀಳಬಾರದು, ಉತ್ತರವೆಲ್ಲ ಬೇರೆ ನೋಟ್‌ಬುಕ್ಕಿನಲ್ಲಿ ಎಂಬ ಒಂದೇ ಕಟ್ಟುನಿಟ್ಟಿನಿಂದ ಒಂದು ಗಣಿತ ಪುಸ್ತಕ ಆರನೆಯ ಮಗುವಿನ ಕೈಗೆ ಬಂದಿದೆ. ಎರಡು ಸಲ ಬಟ್ಟೆ ಹಚ್ಚಿ ರಟ್ಟು ಕಟ್ಟಿದ್ದೇವೆ. ಕೋಳಿಗಳ ಜಮಾಖರ್ಚನ್ನು ಹನ್ನೊಂದು ವರ್ಷದವನು ಬರೆಯುತ್ತಾನೆ. ಹನ್ನೆರಡು ಮೊಟ್ಟೆಗೆ ಕಾವು ಕೂರಿಸಿ, ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಎದ್ದದ್ದನ್ನು ಶೇಕಡಾ 75 ಎಂದು ಬರೆದುಕೊಂಡು ಬಂದು ತೋರಿಸಿದ. ಶೇಕಡಾವಾರು ಲೆಕ್ಕವನ್ನು ಅವನಿಗೆ ನಾನು ಇನ್ನೂ ಆರಂಭಿಸಿರಲಿಲ್ಲ, ಅಣ್ಣನ ಹದಿನೈದು ನಿಮಿಷದಲ್ಲಿ ಕಲಿತದ್ದಂತೆ.

ಸರ್ಟಿಫಿಕೇಟಿನ ಮಾತಾಡಿದ್ದ ಆ ಹಿರಿಯರ ಮೊಮ್ಮಕ್ಕಳಿಬ್ಬರು ಈಗ ವಾರಕ್ಕೆ ಎರಡು ಬೆಳಗ್ಗೆ ನಮ್ಮ ಮೇಜಿಗೆ ಬರುತ್ತಾರೆ. ಸಭೆಯ ಇನ್ನೂ ಮೂರು ಮನೆಯವರು ಕೇಳಿದ್ದಾರೆ. ಮೇಜು ಹತ್ತು ಜನರಿಗೇ ಭರ್ತಿಯಾಗಿರುವುದರಿಂದ ಅವರಿಗೆ ಇಲ್ಲ ಎಂದಿದ್ದೇನೆ. ಮಳೆಗಾಲಕ್ಕೆ ಮೊದಲು ಅವರವರ ಮನೆಗೇ ಹೋಗಿ, ಒಂದೊಂದು ವಾರ ಜೊತೆಗಿದ್ದು ತೋರಿಸಿಕೊಡುವುದೆಂದು ಮಾತಾಗಿದೆ.