ಸೈಕಲ್ ನೀವೇ ಜೋಡಿಸುವುದಾದರೆ ಮೊದಲು ಫ್ರೇಮ್ ಅಳೆಯಿರಿ

ಎಲ್ಲ ಕೆಲಸಕ್ಕೂ ಒದಗುವ ಸೈಕಲನ್ನು ಮನೆಯಲ್ಲೇ ಜೋಡಿಸಬೇಕೆಂದಿರುವವರು ಹೊಳೆಯುವ ಗೇರುಗಳಿಗೆ ಮನಸೋಲುವ ಮೊದಲು ಫ್ರೇಮಿನ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಉಳಿದ ಭಾಗಗಳೆಲ್ಲ ಅದರ ಮಾತನ್ನೇ ಕೇಳಬೇಕು. ಹಿಂದಿನ ಚಕ್ರ ಕೂರುವ ಜಾಗದ ಅಗಲ ಬಹಳ ಮುಖ್ಯ: ಹಳೆಯ ರೋಡ್ ಫ್ರೇಮುಗಳಲ್ಲಿ ಹೆಚ್ಚಾಗಿ 130 ಮಿ.ಮೀ., ಹಳೆಯ ಮೌಂಟನ್ ಬೈಕುಗಳಲ್ಲಿ 135, ಥ್ರೂ ಆಕ್ಸಲ್ (ಫ್ರೇಮಿನ ತೂತುಗಳ ಮೂಲಕ ತೂರಿಸಿ ಬಿಗಿಯುವ ಅಚ್ಚು) ಇರುವ ಹೊಸವುಗಳಲ್ಲಿ 142 ಅಥವಾ 148. ಚಕ್ರದ ನಡುಭಾಗವಾದ ಹಬ್ ಇದಕ್ಕೆ ಹೊಂದದಿದ್ದರೆ ಅಗ್ಗಕ್ಕೆ ಸಿಕ್ಕ ಚಕ್ರವೂ ದಂಡವೇ. ಉಕ್ಕಿನ ಫ್ರೇಮನ್ನು ತಿಳಿದವರು ತುಸು ಹಿಗ್ಗಿಸಬಲ್ಲರು. ಅಲ್ಯೂಮಿನಿಯಂ, ಕಾರ್ಬನ್ ಮೇಲೆ ಆ ಸಾಹಸ ಖಂಡಿತ ಬೇಡ.

ನನ್ನ ಮತ ಉಕ್ಕಿಗೇ, ತೂಕದ ಬಗ್ಗೆ ಯಾರು ಏನೇ ಹೇಳಲಿ. ಕ್ಯಾರಿಯರ್, ಮಡ್‌ಗಾರ್ಡ್ ಬಿಗಿಯಲು ತೂತುಗಳಿರಲಿ, 40 ಮಿ.ಮೀ. ಟೈರ್ ಹಿಡಿಸುವಷ್ಟು ಜಾಗವಿರಲಿ. ಮುಂದೆ ಪೆಡಲ್ ಬಳಿ ಒಂದೇ ಚೈನ್‌ರಿಂಗ್ (ಹಲ್ಲುಚಕ್ರ), ಹಿಂದೆ 11ರಿಂದ 42 ಹಲ್ಲುಗಳ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಇದ್ದರೆ ಏರಿಗೂ ಸಮತಟ್ಟಿಗೂ ಸಾಕು. ಗೇರ್ ಬದಲಿಸುವ ಶಿಫ್ಟರ್ ಮತ್ತು ಚೈನನ್ನು ಸರಿಸುವ ಡಿರೈಲರ್ ಒಂದೇ ಸರಣಿಯವಾಗಿರಲಿ. ಕೇಬಲ್ ಎಳೆತದ ಅಳತೆ ಬೇರೆಯಾದರೆ ಎಷ್ಟು ಹೊಂದಿಸಿದರೂ ಗೇರ್ ಸರಿಯಾಗಿ ಕೂರುವುದಿಲ್ಲ.

ಜೋಡಿಸುವಾಗ ಎಡ ಪೆಡಲ್‌ನ ಥ್ರೆಡ್ ತಿರುವುಮುರುವು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂಬುದು ನೆನಪಿರಲಿ. ಇಂಗ್ಲಿಷ್ ಥ್ರೆಡ್ ಎಂಬ ಮಾದರಿಯ ಬಾಟಂ ಬ್ರಾಕೆಟ್‌ನಲ್ಲಿ (ಪೆಡಲ್‌ಗಳ ಅಚ್ಚು ತಿರುಗುವ ಬೇರಿಂಗ್ ಭಾಗ) ಬಲಗಡೆಯ ಕಪ್, ಅಂದರೆ ಬೇರಿಂಗ್ ಹಿಡಿದಿಡುವ ಬಟ್ಟಲು ಕೂಡ ಹಾಗೆಯೇ. ಎರಡಕ್ಕೂ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ.